ಗಾಜಿನ ಪೆಟ್ಟಿಗೆಯ ಉಸಿರು ಎಣಿಸುವುದು

(ಮಡಿಕೇರಿಯಲ್ಲಿ ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳ ಹಿರಿಯರು, ಶಾಲಾ ಶಿಕ್ಷಕರು ಮತ್ತು ಸಂಗ್ರಹಾಲಯಗಳಲ್ಲಿ ಕೆಲಸ ಮಾಡುವವರ ಮುಂದೆ ಆಡಿದ ಮಾತಿನ ಬರಹ ರೂಪ)

ಮೇಜಿನ ಮೇಲಿರುವ ಈ ಗಾಜಿನ ಪೆಟ್ಟಿಗೆ ನನ್ನದಲ್ಲ. ಈ ಸಭಾಂಗಣದ್ದೇ, ಆ ಮೂಲೆಯಲ್ಲಿತ್ತು. ಒಳಗೆ ಹಾಕಿ ಪಂದ್ಯದ ಕಪ್‌ಗಳಿದ್ದವು. ಅವನ್ನು ತೆಗೆದು ಪಕ್ಕಕ್ಕೆ ಇಟ್ಟಿದ್ದೇವೆ, ಗಾಬರಿಯಾಗಬೇಡಿ. ಈಗ ಒಳಗೆ ಒಂದು ಸಣ್ಣ ಮೀಟರ್ ಮಾತ್ರ ಇದೆ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ಅದು ತೋರಿಸುತ್ತದೆ. ನೀವು ಬಂದು ಕೂರುತ್ತಿದ್ದಾಗ ನಾನು ಎರಡು ದೊಡ್ಡ ಬಲೂನ್ ಊದಿ, ಆ ಗಾಳಿಯನ್ನು ಪೆಟ್ಟಿಗೆಯೊಳಗೆ ಬಿಟ್ಟು ಬೀಗ ಹಾಕಿದೆ. ಕೆಲವರು ನಕ್ಕಿರಿ, ನೋಡಿದೆ.

ಒಳಗಿನ ಮೀಟರ್ ಈಗ 3,800 ತೋರಿಸುತ್ತಿದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ 3,800 ಪಾಲು ಅಂತ ಅರ್ಥ. ನನ್ನ ಕೈಯಲ್ಲಿ ಇನ್ನೊಂದು ಮೀಟರ್ ಇದೆ, ಅದು ಸಭಾಂಗಣದ ಗಾಳಿಗೆ. ಅದರಲ್ಲಿ 800. ಬಯಲಿನಲ್ಲಿ 420ರ ಆಸುಪಾಸು ಇರುತ್ತದೆ. ಇಲ್ಲಿ ಇಷ್ಟು ಜನ ಉಸಿರಾಡುತ್ತಿದ್ದೀರಲ್ಲ, ಅದಕ್ಕೆ ಏರಿದೆ. ಗಂಟೆ ಸರಿಯಾಗಿ ಹನ್ನೊಂದು. ಮುಂದಿನ ಸಾಲಿನವರು ಯಾರಾದರೂ ಈ ಎರಡು ಅಂಕಿ ಬರೆದಿಟ್ಟುಕೊಳ್ಳಿ. ಕೊನೆಗೆ ಬೇಕಾಗುತ್ತದೆ.

ಈಗ ನಿಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಸೆಪ್ಟೆಂಬರ್ ಮೊದಲ ವಾರ, ಕೈಲ್‌ಪೊಳ್ದ್. ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲ ಹೊರಗೆ ಬರುತ್ತವೆ. ಕೋವಿಯ ಬಾಯಿಗೆ ತೋಕ್ ಪೂ ಅನ್ನುವ ಹೂ ಸಿಗಿಸುತ್ತೀರಿ. ಆಯುಧ ಪೂಜೆ ಮಾಡುವ ಹಬ್ಬ ಸರಿಯಾಗಿ ಮಳೆಗಾಲದ ತುದಿಗೆ ಬರುವುದು ನನಗೆ ಬಹಳ ಇಷ್ಟ. ಯಾರೋ ಲೆಕ್ಕ ಹಾಕಿ ಇಟ್ಟಹಾಗಿದೆ. ಮೂರು ತಿಂಗಳು ತೇವದಲ್ಲಿದ್ದ ಕಬ್ಬಿಣವನ್ನು ವರ್ಷಕ್ಕೊಮ್ಮೆ ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಲೇಬೇಕು. ಪೂಜೆ ಆದಮೇಲೆ ಗಂಧವನ್ನು ಚೆನ್ನಾಗಿ ಒರೆಸಿ ತೆಗೆಯಿರಿ, ಅದು ಬೇರೆ ಮಾತು.

ಆದರೆ ಅದೇ ಒಡಿಕತ್ತಿಯನ್ನು ಗಾಜಿನ ಪೆಟ್ಟಿಗೆಯೊಳಗೆ ಇಟ್ಟಮೇಲೆ ಏನಾಗುತ್ತದೆ? ಯಾರೂ ಮುಟ್ಟುವುದಿಲ್ಲ. ಎಣ್ಣೆ ಹಚ್ಚುವುದಿಲ್ಲ. ಗಾಜು ಇದೆ, ಬೀಗ ಇದೆ, ಮುಚ್ಚಿದೆ ಅಂತ ಎಲ್ಲರಿಗೂ ಧೈರ್ಯ. ಮುಚ್ಚಿದೆ ಅಂತ ಹೇಗೆ ಗೊತ್ತು? ನಾನು ಇವತ್ತು ಕೇಳಲು ಬಂದಿರುವುದು ಈ ಒಂದೇ ಪ್ರಶ್ನೆ.

ನಮ್ಮಲ್ಲಿ ಕೋಣೆಯ ಗಾಳಿಯನ್ನು ಹಿಡಿತಕ್ಕೆ ತರುವುದು ಕಷ್ಟ. ಕೋಟೆಯೊಳಗಿನ ಸರ್ಕಾರಿ ಸಂಗ್ರಹಾಲಯ ಇರುವುದು 1859ರಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ. 2021ರಲ್ಲಿ ಉದ್ಘಾಟನೆಯಾದ ಜನರಲ್ ತಿಮ್ಮಯ್ಯ ಸಂಗ್ರಹಾಲಯ ಇರುವುದು ಅವರ ಮನೆ ಸನ್ನಿ ಸೈಡ್‌ನಲ್ಲಿ. ಒಂದು ಪ್ರಾರ್ಥನೆಗೆ ಕಟ್ಟಿದ್ದು, ಇನ್ನೊಂದು ವಾಸಕ್ಕೆ. ಐನ್‌ಮನೆಗಳ ಕಥೆಯೂ ಅದೇ. ಹಳೆಯ ಕಟ್ಟಡವನ್ನು ಪೂರ್ತಿ ಬಿಗಿ ಮಾಡಿ ಯಂತ್ರದಿಂದ ಒಣಗಿಸುತ್ತೇನೆ ಅಂದರೆ ಕಟ್ಟಡವೂ ಕೆಡುತ್ತದೆ, ಕರೆಂಟ್ ಬಿಲ್ಲೂ ಏರುತ್ತದೆ. ಕಲ್ಲಿನ ಮೂರ್ತಿಗೆ ಅಷ್ಟು ಚಿಂತೆ ಇಲ್ಲ. ಸಮವಸ್ತ್ರ, ಪದಕ, ಕಾಗದ, ಕತ್ತಿ ಇವಕ್ಕೆ ಚಿಂತೆ. ಆದ್ದರಿಂದ ಕೋಣೆಯನ್ನು ಬಿಟ್ಟುಬಿಡೋಣ. ಪೆಟ್ಟಿಗೆಯೊಳಗಿನ ಗಾಳಿಯನ್ನಷ್ಟೇ ನೋಡಿಕೊಳ್ಳೋಣ.

ಪೂರ್ತಿ ಗಾಳಿಯಾಡದ ಪೆಟ್ಟಿಗೆ ಅನ್ನುವುದು ಸಂಗ್ರಹಾಲಯದಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಎಲ್ಲ ಪೆಟ್ಟಿಗೆಗಳೂ ಸೋರುತ್ತವೆ. ಎಷ್ಟು ಅನ್ನುವುದಷ್ಟೇ ಪ್ರಶ್ನೆ. ಅದನ್ನು ಅಳೆಯುವುದು ಹೀಗೆ: ಪೆಟ್ಟಿಗೆಯೊಳಗೆ ಹಿಡಿಸುವಷ್ಟು ಹೊರಗಿನ ಗಾಳಿ ಒಂದು ದಿನದಲ್ಲಿ ಎಷ್ಟು ಸಲ ಒಳಗೆ ಬರುತ್ತದೆ? ದೊಡ್ಡ ಸಂಗ್ರಹಾಲಯಗಳು ಹೊಸ ಪೆಟ್ಟಿಗೆ ಮಾಡಿಸುವಾಗ ದಿನಕ್ಕೆ 0.1ಕ್ಕಿಂತ ಜಾಸ್ತಿ ಇರಬಾರದು ಅಂತ ಷರತ್ತು ಹಾಕುತ್ತವೆ. ಅಂದರೆ ಹತ್ತು ದಿನಕ್ಕೆ ಒಂದು ಪೆಟ್ಟಿಗೆಯಷ್ಟು ಗಾಳಿ. ದಿನಕ್ಕೆ 1 ಅಂದರೆ ಪರವಾಗಿಲ್ಲ. ಹಳೆಯ ಮರದ ಬೀರುಗಳಲ್ಲಿ 10, 20 ಕೂಡ ಇರುತ್ತದೆ.

ಈ ಅಂಕಿಗಳನ್ನು ನೀರಿಗೆ ತಿರುಗಿಸಿದರೆ ನಮಗೆ ಬೇಗ ಅರ್ಥವಾಗುತ್ತದೆ. ಕಕ್ಕಡದಲ್ಲಿ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ಮಡಿಕೇರಿಯ ಒಂದು ಕೋಣೆ ಅಂದುಕೊಳ್ಳಿ. ಉಪ್ಪಿನ ಡಬ್ಬ ನೀರಾಗುವ ಕಾಲ, ಚಪ್ಪಲಿಗೆ ಬೂಷ್ಟು ಹಿಡಿಯುವ ಕಾಲ. ಬಿಸಿ 20 ಡಿಗ್ರಿ, ಗಾಳಿಯ ತೇವ ಶೇ. 90. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 15.5 ಗ್ರಾಂ ನೀರು ಇರುತ್ತದೆ. ನಮಗೆ ಪೆಟ್ಟಿಗೆಯೊಳಗೆ ಶೇ. 50 ಸಾಕು. ಅಂದರೆ 8.5 ಗ್ರಾಂ. ಹಾಗಾಗಿ ಒಂದು ಘನ ಮೀಟರ್ ಪೆಟ್ಟಿಗೆಯ ಗಾಳಿ ಪ್ರತಿ ಸಲ ಬದಲಾದಾಗ 7 ಗ್ರಾಂ ಬೇಡದ ನೀರು ಒಳಗೆ ಬಂತು. ಜೂನ್‌ನಿಂದ ಆಗಸ್ಟ್, 90 ದಿನ. ದಿನಕ್ಕೆ 0.1 ಆದರೆ ಒಟ್ಟು 63 ಗ್ರಾಂ. ದಿನಕ್ಕೆ 1 ಆದರೆ 630 ಗ್ರಾಂ. ದಿನಕ್ಕೆ 10 ಆದರೆ 6 ಕಿಲೋ 300 ಗ್ರಾಂ!

ಈ ನೀರನ್ನು ಕುಡಿಯಲು ನಾವು ಸಿಲಿಕಾ ಜೆಲ್ ಇಡುತ್ತೇವೆ. ಹೊಸ ಬ್ಯಾಗಿನಲ್ಲಿ ಪುಟ್ಟ ಪೊಟ್ಟಣ ಇರುತ್ತದಲ್ಲ, ಅದೇ. ಒಣಗಿದ ಜೆಲ್ ಇಷ್ಟು ತೇವದಲ್ಲಿ ತನ್ನ ತೂಕದ ಸುಮಾರು ಕಾಲು ಭಾಗ ನೀರು ಹಿಡಿಯುತ್ತದೆ. ಬಿಗಿಯಾದ ಪೆಟ್ಟಿಗೆಗೆ ಕಾಲು ಕಿಲೋ ಜೆಲ್ ಸಾಕು. ಸೋರುವ ಪೆಟ್ಟಿಗೆಗೆ 25 ಕಿಲೋ ಬೇಕು. ಕತ್ತಿ ಇಡಲು ಜಾಗವೇ ಇರುವುದಿಲ್ಲ. ನಾಲ್ಕು ಪೊಟ್ಟಣ ಮೂಲೆಗೆ ಹಾಕಿ ಕೈ ತೊಳೆದುಕೊಂಡ ಪೆಟ್ಟಿಗೆಗಳನ್ನು ತುಂಬಾ ನೋಡಿದ್ದೇನೆ. ಅದು ಹೊಳೆಗೆ ಹುಣಸೆಹಣ್ಣು ಕಿವುಚಿದ ಹಾಗೆ.

ನೀವು ಕಾಫಿ ಬೆಳೆಗಾರರು. ತೇವ ಅಳೆಯದೆ ಪಾರ್ಚ್‌ಮೆಂಟ್ ಕಾಫಿ ಬೀಜದ ಮೂಟೆ ಕಟ್ಟುತ್ತೀರಾ? ಶೇ. 10ಕ್ಕೆ ಬರುವವರೆಗೆ ಕಣದಲ್ಲಿ ತಿರುವಿ ಹಾಕುತ್ತೀರಿ. ಅಜ್ಜನ ಕತ್ತಿಗೂ ಅಷ್ಟು ಲೆಕ್ಕ ಬೇಡವೇ?

ಸರಿ, ಅಳೆಯುವುದು ಹೇಗೆ? ಇಲ್ಲಿ ಒಂದು ಸಣ್ಣ ತಪ್ಪು ತಿಳುವಳಿಕೆಯನ್ನು ಮೊದಲು ಬಿಡಿಸುತ್ತೇನೆ. ದಿನಕ್ಕೆ ಒಂದು ಸಲ ಗಾಳಿ ಬದಲಾಗುತ್ತದೆ ಅಂದರೆ, ದಿನದ ಕೊನೆಗೆ ಹಳೆಯ ಗಾಳಿಯೆಲ್ಲ ಹೋಗಿಬಿಟ್ಟಿತು ಅಂತಲ್ಲ. ಒಂದು ಕೊಡದ ತುಂಬ ಮಜ್ಜಿಗೆ ಇದೆ. ಕಲಕುತ್ತಾ ಕಲಕುತ್ತಾ ಮೇಲಿನಿಂದ ಒಂದು ಕೊಡ ನೀರನ್ನು ನಿಧಾನವಾಗಿ ಸುರಿಯಿರಿ. ಹೊರಗೆ ಚೆಲ್ಲುವುದು ಬರೀ ಮಜ್ಜಿಗೆಯಲ್ಲ, ನೀರು ಬೆರೆತ ಮಜ್ಜಿಗೆ. ಪೂರ್ತಿ ಒಂದು ಕೊಡ ನೀರು ಸುರಿದ ಮೇಲೂ ಒಳಗೆ ಹಳೆಯ ಮಜ್ಜಿಗೆ ಶೇ. 37ರಷ್ಟು ಉಳಿದಿರುತ್ತದೆ. ಪೆಟ್ಟಿಗೆಯ ಗಾಳಿಯೂ ಹಾಗೆಯೇ ತೆಳ್ಳಗಾಗುತ್ತಾ ಹೋಗುತ್ತದೆ.

ನಾವು ಮಾಡುವುದೇನು ಅಂದರೆ, ಗುರುತು ಹಿಡಿಯಲು ಆಗುವ ಒಂದು ಅನಿಲವನ್ನು ಒಳಗೆ ಬಿಟ್ಟು, ಅದು ತೆಳ್ಳಗಾಗುವ ವೇಗ ನೋಡುವುದು. ಹಿಂದೆ ಸಲ್ಫರ್ ಹೆಕ್ಸಾಫ್ಲೋರೈಡ್ ಬಳಸುತ್ತಿದ್ದರು. ಕೆಲಸಕ್ಕೆ ಒಳ್ಳೆಯದು. ಆದರೆ ಅದು ಭೂಮಿಯನ್ನು ಬಿಸಿ ಮಾಡುವುದು ಕಾರ್ಬನ್ ಡೈಆಕ್ಸೈಡ್‌ಗಿಂತ 20,000 ಪಟ್ಟಿಗೂ ಜಾಸ್ತಿ. ಈಗ ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡನ್ನೇ ಬಿಡುತ್ತಾರೆ. ಕೋವಿಡ್ ಕಾಲದಲ್ಲಿ ಕೋಣೆಯ ಗಾಳಿ ನೋಡಲು ಈ ಮೀಟರ್‌ಗಳು ಎಲ್ಲ ಕಡೆ ಬಂದವು. ಕೆಲವು ಸಾವಿರ ರೂಪಾಯಿಗೆ ಸಿಗುತ್ತವೆ.

ಲೆಕ್ಕ ಹೀಗೆ. ಒಳಗಿನ ಅಂಕಿಯಿಂದ ಕೋಣೆಯ ಅಂಕಿ ಕಳೆಯಿರಿ. ಉಳಿದದ್ದು ನಾವು ಹೆಚ್ಚುವರಿ ಹಾಕಿದ್ದು. ಅದು ಅರ್ಧಕ್ಕೆ ಇಳಿಯಲು ಎಷ್ಟು ಗಂಟೆ ಬೇಕಾಯಿತು? 16.6 ಅನ್ನು ಆ ಗಂಟೆಯಿಂದ ಭಾಗಿಸಿ. ಬಂದದ್ದೇ ದಿನಕ್ಕೆ ಎಷ್ಟು ಸಲ ಅನ್ನುವ ಉತ್ತರ. ಅರ್ಧ ಆಗಲು 16 ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿದರೆ ದಿನಕ್ಕೆ 1. ಏಳು ದಿನ ಹಿಡಿದರೆ 0.1. ಒಂದು ಗಂಟೆ ನಲವತ್ತು ನಿಮಿಷದಲ್ಲೇ ಅರ್ಧ ಆದರೆ 10. ಲಾಗರಿದಮ್ ಗೊತ್ತಿರುವ ಶಿಕ್ಷಕರಿಗೆ 16.6 ಎಲ್ಲಿಂದ ಬಂತು ಅಂತ ಹೇಳಬೇಕಿಲ್ಲ. 0.693 ಗುಣಿಸು 24, ಅಷ್ಟೇ.

ಕೋಣೆಯ ಅಂಕಿ ಕಳೆಯಬೇಕು ಅಂದೆನಲ್ಲ, ಅದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಶುರುವಿನಲ್ಲಿ ನನ್ನ ಹತ್ತಿರ ಒಂದೇ ಮೀಟರ್ ಇತ್ತು. ಒಂದು ಕಡೆ ಪೆಟ್ಟಿಗೆಯೊಳಗೆ ಇಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಅಂಕಿ ಸರಸರ ಇಳಿದು, 1,200ರ ಹತ್ತಿರ ನಿಂತುಬಿಟ್ಟಿದೆ. ಇನ್ನು ಇಳಿಯುತ್ತಿಲ್ಲ! ಶುರುವಿನಲ್ಲಿ ಏನೋ ಎಡವಟ್ಟಾಗಿದೆ, ಆಮೇಲೆ ಪೆಟ್ಟಿಗೆ ಗಟ್ಟಿಯಾಗಿಯೇ ಇದೆ ಅಂತ ವರದಿ ಬರೆದೆ. ನಾನು ಊಟ ಮಾಡುತ್ತಿದ್ದಾಗ ಎರಡು ಬಸ್ ಶಾಲಾ ಮಕ್ಕಳು ಬಂದಿದ್ದರು. ಕೋಣೆಯ ಗಾಳಿಯೇ 1,200ಕ್ಕೆ ಏರಿತ್ತು. ಒಳಗಿನದು ಕೋಣೆಗೆ ಸಮನಾಗಿ ನಿಂತಿತ್ತು ಅಷ್ಟೇ. ಆ ಪೆಟ್ಟಿಗೆ ಜರಡಿ. ಆವತ್ತಿನಿಂದ ಎರಡು ಮೀಟರ್ ಇಟ್ಟುಕೊಂಡಿದ್ದೇನೆ.

ಅನಿಲ ಎಲ್ಲಿಂದ ತರುವುದು ಅಂತ ಕೇಳುತ್ತೀರಿ. ಬಲೂನ್ ಈ ಸಣ್ಣ ಪೆಟ್ಟಿಗೆಗೆ ಸರಿ. ಇದು ಸುಮಾರು 100 ಲೀಟರ್. ನಮ್ಮ ಉಸಿರಿನಲ್ಲಿ ಶೇ. 4ರಷ್ಟು ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಆದರೆ ಒಂದು ಘನ ಮೀಟರ್ ಪೆಟ್ಟಿಗೆಗೆ 75 ಲೀಟರ್ ಉಸಿರು ಬೇಕು. ಊದುವವರು ಬಿದ್ದೇ ಹೋಗುತ್ತಾರೆ. ಜೊತೆಗೆ ಉಸಿರು ಒದ್ದೆ. ವಸ್ತು ಒಳಗಿರುವಾಗ ಊದಲೇಬಾರದು. ಸೋಡಾ ಮಾಡುವ ಸಣ್ಣ ಕಾರ್ಟ್ರಿಜ್ ಸಿಗುತ್ತದೆ, 8 ಗ್ರಾಂನದು. ಅದರಿಂದ 4 ಲೀಟರ್‌ಗೂ ಜಾಸ್ತಿ ಅನಿಲ ಬರುತ್ತದೆ. ನಮಗೆ ಬೇಕಾದದ್ದು 3 ಲೀಟರ್. ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿದರೂ ಬರುತ್ತಲ್ವಾ ಅಂತ ಒಬ್ಬ ಹುಡುಗ ಕೇಳಿದ್ದ. ಬರುತ್ತದೆ. ಆದರೆ ವಿನೆಗರ್‌ನ ಹುಳಿ ಆವಿ ಸಂಗ್ರಹಾಲಯದ ಪೆಟ್ಟಿಗೆಯ ಹತ್ತಿರವೂ ಸುಳಿಯಬಾರದು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಒಳಗೆ ಬ್ಯಾಟರಿಯ ಒಂದು ಪುಟ್ಟ ಫ್ಯಾನ್ ಇಟ್ಟು ಐದು ನಿಮಿಷ ಗಾಳಿ ಕಲಕಿ. ಈ ಅನಿಲ ಭಾರ, ತಳಕ್ಕೆ ಇಳಿದುಬಿಡುತ್ತದೆ ಅಂತ ಹೆದರುತ್ತಾರೆ. ಒಮ್ಮೆ ಚೆನ್ನಾಗಿ ಬೆರೆತರೆ ಮತ್ತೆ ಬೇರೆಯಾಗುವುದಿಲ್ಲ. ಹೊಸದಾಗಿ ಸುಣ್ಣ ಬಳಿದ ಗೋಡೆಯ ಗೂಡಿಗೇ ಗಾಜು ಹಾಕಿದ್ದರೆ ಮಾತ್ರ ಈ ಪರೀಕ್ಷೆ ಮೋಸ ಮಾಡುತ್ತದೆ. ಹಸಿ ಸುಣ್ಣ ಕಾರ್ಬನ್ ಡೈಆಕ್ಸೈಡನ್ನು ತಾನೇ ತಿಂದು ಗಟ್ಟಿಯಾಗುತ್ತದೆ. ನೀವು ಸೋರುತ್ತಿದೆ ಅಂದುಕೊಳ್ಳುತ್ತೀರಿ.

ಯಾವಾಗ ಅಳೆಯಬೇಕು? ಎರಡು ಸಲ. ಮಾರ್ಚ್‌ನಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ. ಮಳೆಗಾಲದಲ್ಲಿ ನಿಮ್ಮ ಮನೆಯ ಬಾಗಿಲು ಊದಿ ಸಿಕ್ಕಿಹಾಕಿಕೊಳ್ಳುತ್ತದೆ ಅಲ್ವಾ? ಮರದ ಪೆಟ್ಟಿಗೆಯೂ ಹಾಗೆ ಊದಿ ಕೆಲವು ಸಂದು ಮುಚ್ಚಿಕೊಳ್ಳುತ್ತವೆ. ಕೆಲವು ಹಲಗೆ ಸೊಟ್ಟಗಾಗಿ ಹೊಸ ಸಂದು ಬಿಡುತ್ತವೆ. ಒಂದು ಸಲ ಬಂದ ಅಂಕಿಯನ್ನು ಶಾಸನದ ಹಾಗೆ ಕೆತ್ತಿಸಬೇಡಿ.

ಅಂಕಿ ಬಂತು. ಈಗ ತೂತು ಎಲ್ಲಿದೆ? ಮೊದಲು ರಾತ್ರಿ ದೀಪ ಆರಿಸಿ ಒಳಗೆ ಟಾರ್ಚ್ ಇಡಿ. ಬೆಳಕು ಸೋರುವ ಕಡೆ ಗಾಳಿಯೂ ಸೋರುತ್ತದೆ. ಬಾಗಿಲಿನ ಸಂದಿನಲ್ಲಿ ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಬಿಗಿ ಇಲ್ಲ. ಅಲ್ಟ್ರಾಸೌಂಡ್ ಉಪಕರಣವೂ ಇದೆ. ಒಳಗೆ ಒಂದು ಪೀಪಿ, ಹೊರಗೆ ಒಂದು ಕಿವಿ. ನಮ್ಮ ಕಿವಿಗೆ ಕೇಳದ ಶಬ್ದ ಸಂದಿನಲ್ಲಿ ಹೊರಬಂದರೆ ಅದು ಕೂಗುತ್ತದೆ.

ಸಂದಿನ ಅಗಲ ಬಹಳ ಮುಖ್ಯ. ತೆಳ್ಳಗಿನ ಸಂದಿನಲ್ಲಿ ಗಾಳಿ ಹರಿಯುವುದು ಅಗಲದ ಮೂರನೇ ಘಾತಕ್ಕೆ ತಕ್ಕಂತೆ. ಅಂದರೆ ಒಂದು ಮಿಲಿಮೀಟರ್ ಸಂದನ್ನು ಅರ್ಧ ಮಿಲಿಮೀಟರಿಗೆ ಇಳಿಸಿದರೆ ಸೋರುವುದು ಅರ್ಧವಲ್ಲ, ಎಂಟರಲ್ಲಿ ಒಂದು ಪಾಲು. ಆದ್ದರಿಂದ ಪೂರ್ತಿ ಮುಚ್ಚಲು ಆಗದಿದ್ದರೂ ಬಿಡಬೇಡಿ. ಇನ್ನೊಂದು, ಮೇಲೆ ಒಂದು ತೂತು ಕೆಳಗೆ ಒಂದು ತೂತು ಇದ್ದರೆ ಅದು ಒಲೆಯ ಚಿಮಣಿ. ಎರಡರಲ್ಲಿ ಒಂದನ್ನು ಮುಚ್ಚಿದರೂ ದೊಡ್ಡ ವ್ಯತ್ಯಾಸ ಕಾಣುತ್ತದೆ.

ಪೆಟ್ಟಿಗೆಯೊಳಗಿನ ದೀಪವನ್ನು ಮರೆಯಬೇಡಿ. ದೀಪದಿಂದ ಒಳಗಿನ ಗಾಳಿ 3 ಡಿಗ್ರಿ ಬಿಸಿಯಾದರೆ ಶೇ. 1ರಷ್ಟು ಹಿಗ್ಗುತ್ತದೆ. ಅಷ್ಟು ಗಾಳಿ ಹೊರಗೆ ಹೋಗಲೇಬೇಕು. ಸಂಜೆ ದೀಪ ಆರಿಸಿದಾಗ ತಣ್ಣಗಾಗಿ ಕುಗ್ಗುತ್ತದೆ. ಆಗ ಹೊರಗಿನ ತೇವದ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ದಿನಕ್ಕೊಂದು ಉಸಿರು. ಹೊರಗಿನ ಗಾಳಿಯ ಒತ್ತಡ ಏರಿಳಿದಾಗಲೂ ಹೀಗೇ ಆಗುತ್ತದೆ.

ಹಿಂದಿನಿಂದ ಒಬ್ಬರು ಕೇಳುತ್ತಿದ್ದಾರೆ, ಒಳಗಿನ ಗಾಳಿಯನ್ನೇ ಪೂರ್ತಿ ಎಳೆದುಬಿಟ್ಟರೆ ಆಗದೇ ಅಂತ. ಮಡಿಕೇರಿಯ ಎತ್ತರದಲ್ಲೂ ಒಂದು ಚದರ ಮೀಟರ್ ಗಾಜಿನ ಮೇಲೆ ಹೊರಗಿನ ಗಾಳಿ ಸುಮಾರು 9 ಟನ್ ಭಾರ ಹಾಕುತ್ತದೆ. ಒಳಗಿನ ಗಾಳಿ ತಡೆಯುತ್ತಿರುವುದರಿಂದ ಗಾಜು ಉಳಿದಿದೆ. ಬೇರೆ ಅನಿಲ ತುಂಬುವುದು ಸಾಧ್ಯ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಪತ್ರವನ್ನು 1950ರ ದಶಕದಲ್ಲಿ ಹೀಲಿಯಂ ತುಂಬಿದ ಪೆಟ್ಟಿಗೆಯಲ್ಲಿಟ್ಟರು, ಈಗ ಆರ್ಗಾನ್ ಇದೆ. ನಮ್ಮ ಸಂವಿಧಾನದ ಕೈಬರಹದ ಮೂಲ ಪ್ರತಿಗೆ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ಮತ್ತು ಅಮೆರಿಕದ ಗೆಟ್ಟಿ ಸಂಸ್ಥೆ ಸೇರಿ ನೈಟ್ರೋಜನ್ ತುಂಬಿದ ಪೆಟ್ಟಿಗೆ ಮಾಡಿದವು. ಅಲ್ಲಿ ಒಳಗೆ ಆಮ್ಲಜನಕ ಎಷ್ಟು ಏರಿತು ಅಂತ ನೋಡುತ್ತಲೇ ಇರಬೇಕು. ನಮ್ಮ ಐನ್‌ಮನೆಗೆ ಅದು ಹೇಳಿ ಮಾಡಿಸಿದ್ದಲ್ಲ.

ಇಷ್ಟು ಹೊತ್ತು ಬಿಗಿ ಮಾಡಿ, ಬಿಗಿ ಮಾಡಿ ಅಂತ ಹೇಳಿದೆ. ಈಗ ಉಲ್ಟಾ ಹೇಳುತ್ತೇನೆ.

ಒಂದು ಮನೆಯವರು ಬೆಳ್ಳಿ ಕಟ್ಟಿದ ಪೀಚೆಕತ್ತಿಗೆ ಚಂದದ ಪೆಟ್ಟಿಗೆ ಮಾಡಿಸಿದರು. ಒಳಗೆ ಉಣ್ಣೆಯ ಬಟ್ಟೆ, ಬಾಗಿಲಿಗೆ ಸುತ್ತಲೂ ಕಪ್ಪು ರಬ್ಬರ್. ತುಂಬಾ ಬಿಗಿ. ವರ್ಷದೊಳಗೆ ಬೆಳ್ಳಿ ಕರ್ರಗಾಯಿತು. ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟಾಗ ಇಷ್ಟು ಕಪ್ಪಾಗಿರಲಿಲ್ಲ ಅಂತ ಅವರಿಗೆ ಬೇಜಾರು. ಉಣ್ಣೆಯಲ್ಲೂ ರಬ್ಬರಿನಲ್ಲೂ ಗಂಧಕ ಇದೆ. ಅದರ ಆವಿ ಸೋರಿಹೋಗಲು ದಾರಿ ಇಲ್ಲದೆ ಬೆಳ್ಳಿಗೆ ಹತ್ತಿತು. ಬಿಗಿಯಾದ ಪೆಟ್ಟಿಗೆ ಹೊರಗಿನ ತೇವವನ್ನು ತಡೆಯುವಷ್ಟೇ ಚೆನ್ನಾಗಿ ಒಳಗಿನ ವಿಷವನ್ನೂ ಹಿಡಿದಿಡುತ್ತದೆ.

ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1970ರ ದಶಕದಲ್ಲಿ ಇದಕ್ಕೊಂದು ಪರೀಕ್ಷೆ ಹೇಳಿಕೊಟ್ಟರು. ಬಟ್ಟೆ, ಬಣ್ಣ, ಹಲಗೆ ಯಾವುದೇ ಇರಲಿ, ಒಂದು ಚೂರನ್ನು ಬೆಳ್ಳಿ, ತಾಮ್ರ, ಸೀಸದ ಚಿಕ್ಕ ತುಂಡುಗಳ ಜೊತೆ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಇಡುವುದು. ಸ್ವಲ್ಪ ನೀರು, 60 ಡಿಗ್ರಿ ಬಿಸಿ, 28 ದಿನ. ಆಮೇಲೆ ಲೋಹ ಕೆಟ್ಟಿದೆಯೇ ನೋಡುವುದು. ಈಗಲೂ ಆಡಿ ಟೆಸ್ಟ್ ಅಂತಲೇ ಕರೆಯುತ್ತಾರೆ. ಪೆಟ್ಟಿಗೆ ಬಿಗಿ ಮಾಡುವ ಮೊದಲು ಇದು ಆಗಬೇಕು.

ವಿನೆಗರ್ ಅಂದೆನಲ್ಲ. ಒಂದು ಸಣ್ಣ ಸಂಗ್ರಹದಲ್ಲಿ ಹಳೆಯ ಕೋವಿಯ ಜೊತೆ ಸೀಸದ ಗುಂಡುಗಳಿದ್ದವು. ಮರದ ಪೆಟ್ಟಿಗೆ. ಅಳೆದೆವು, ಎರಡು ಗಂಟೆಗೇ ಅರ್ಧ ಆಯಿತು. ದಿನಕ್ಕೆ 8ಕ್ಕೂ ಜಾಸ್ತಿ. ಮೇಲೆ ದೀಪದ ವೈರಿನ ತೂತು, ಕೆಳಗೆ ಪೀಠದ ಸಂದು. ನಾನು ಹೇಳಿದ ಚಿಮಣಿಯೇ. ಎರಡನ್ನೂ ಅಲ್ಯೂಮಿನಿಯಂ ಟೇಪಿನಿಂದ ಮುಚ್ಚಿದೆವು. ಈಗ ಅರ್ಧ ಆಗಲು 18 ಗಂಟೆ ಬೇಕಾಯಿತು. ದಿನಕ್ಕೆ 1ಕ್ಕಿಂತ ಕಡಿಮೆ. ಎಲ್ಲರಿಗೂ ಉತ್ಸಾಹ ಬಂತು, 0.1ಕ್ಕೆ ಇಳಿಸೋಣ ಅಂದರು. ನಾನು ಬೇಡ ಅಂದೆ. ಬಾಗಿಲು ತೆಗೆದಾಗಲೆಲ್ಲ ಹುಳಿ ವಾಸನೆ ಬರುತ್ತಿತ್ತು. ಬೆನ್ನಿಗೆ ಹೊಸ ಪ್ಲೈವುಡ್ ಹಾಕಿಸಿದ್ದರು. ಮರ, ಪ್ಲೈವುಡ್, ಅಂಟು ಇವುಗಳಿಂದ ವಿನೆಗರ್‌ನಲ್ಲಿರುವ ಅದೇ ಅಸಿಟಿಕ್ ಆಮ್ಲ ಹೊರಬರುತ್ತದೆ. ಸೀಸಕ್ಕೆ ಅದರಷ್ಟು ದೊಡ್ಡ ಶತ್ರು ಇಲ್ಲ. ಬಿಳಿ ಪುಡಿಯಾಗಿ ಉದುರುತ್ತದೆ. ಎರಡು ಗುಂಡುಗಳ ಮೇಲೆ ಆಗಲೇ ಬೆಳ್ಳಗೆ ಹಿಡಿದಿತ್ತು. ಗುಂಡುಗಳನ್ನು ಹೊರಗೆ ತೆಗೆಸಿದೆವು. ಪ್ಲೈವುಡ್ ಕಿತ್ತು ಅಲ್ಯೂಮಿನಿಯಂ ಹಾಳೆ ಹಾಕಿಸಿದ ಮೇಲೆಯೇ ಉಳಿದ ಸಂದುಗಳಿಗೆ ಕೈ ಹಾಕಿದ್ದು.

ಹನ್ನೆರಡು ಗಂಟೆ ಆಯಿತು. ಮೀಟರ್ ನೋಡೋಣ. ಒಳಗೆ 2,300. ಸಭಾಂಗಣದಲ್ಲಿ ಈಗಲೂ 800ರ ಹತ್ತಿರವೇ ಇದೆ, ಕಿಟಕಿ ತೆರೆದಿಟ್ಟವರಿಗೆ ಧನ್ಯವಾದ. ಬರೆದುಕೊಂಡವರು ಹೇಳಿ, ಶುರುವಿನಲ್ಲಿ ಹೆಚ್ಚುವರಿ ಎಷ್ಟಿತ್ತು? 3,000. ಈಗ? 1,500. ಒಂದು ಗಂಟೆಗೆ ಸರಿಯಾಗಿ ಅರ್ಧ. 16.6 ಭಾಗಿಸು ಒಂದು. ಅಂದರೆ ದಿನಕ್ಕೆ ಸುಮಾರು 17 ಸಲ. ಕಕ್ಕಡದಲ್ಲಿ ಇದರೊಳಗೆ ದಿನಕ್ಕೆ 12 ಗ್ರಾಂ ಬೇಡದ ನೀರು ಬರುತ್ತದೆ, ಎರಡು ಚಮಚಕ್ಕೂ ಜಾಸ್ತಿ. ಹಾಕಿ ಕಪ್‌ಗಳ ತಳದಲ್ಲಿ ಹಸಿರು ಕಟ್ಟಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಯಾರ ಹತ್ತಿರವಾದರೂ ಊದುಬತ್ತಿ ಇದೆಯೇ? ಪೆಟ್ಟಿಗೆ ಖಾಲಿ ಇದೆ, ಹಚ್ಚಬಹುದು. ಫ್ಯಾನ್ ಆರಿಸಿ. ಬೀಗದ ತೂತಿನ ಹತ್ತಿರ ಹೊಗೆ ಸ್ವಲ್ಪ ಅಲ್ಲಾಡಿತು, ಜಾಸ್ತಿ ಇಲ್ಲ. ಇಲ್ಲಿ ನೋಡಿ, ಜಾರುವ ಎರಡು ಗಾಜುಗಳು ಒಂದರ ಹಿಂದೆ ಒಂದು ಸೇರುವ ಕಡೆ. ಹೊಗೆ ನೇರ ಒಳಗೆ ಹೋಗುತ್ತಿದೆ. ಮೇಲಿನಿಂದ ಕೆಳಗಿನವರೆಗೆ ಐದು ಮಿಲಿಮೀಟರ್ ಸಂದು. ಆ ಸೆಲ್ಲೋಟೇಪ್ ಕೊಡಿ, ಸದ್ಯಕ್ಕೆ ಉದ್ದಕ್ಕೂ ಅಂಟಿಸುತ್ತೇನೆ. ಬೀಗದ ತೂತಿಗೂ ಒಂದು ತುಂಡು. ಇನ್ನೆರಡು ಬಲೂನ್ ಇವೆ, ಈ ಸಲ ನೀವು ಯಾರಾದರೂ ಊದಿ. ಊಟ ಮುಗಿಸಿ ಬಂದು ಓದೋಣ.